ಮೆಣಸಿನಕಾಯಿ ಜೊತೆ ಒಣಗಿದ ಎರಡನೇ ರೆಕಾರ್ಡು

‘ಈ ಬೇಸಿಗೆಯಲ್ಲಿ ನಮ್ಮ ಮನೆಯ ಒಂದೇ ಒಂದು ವಸ್ತುವೂ ಬಿಸಿಲು ಕಾಣದೆ ಉಳಿಯಬಾರದು!’

ಹೀಗೆಂದು ಮಂಜರಿ ತನ್ನ ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಸಾಲದೆಂದು ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ಬಿಡಿಸಿದಳು. ಸೊಲ್ಲಾಪುರದಲ್ಲಿ ಮೇ ತಿಂಗಳ ಬಿಸಿಲನ್ನು ಬೈಯುವವರು ಎಲ್ಲರೂ. ಅದನ್ನು ಹಿಡಿದು ಕೆಲಸಕ್ಕೆ ಹಚ್ಚುವವರು ಹೆಂಗಸರು ಮಾತ್ರ. ಮೆಣಸಿನಕಾಯಿ, ಜೋಳ, ಹುಣಸೆಹಣ್ಣು, ಕೌದಿ, ಗಾದಿ, ಉಪ್ಪಿನಕಾಯಿಯ ಭರಣಿ ಎಲ್ಲವೂ ಮಳೆಗಾಲದೊಳಗೆ ಒಮ್ಮೆ ಮಾಳಿಗೆ ಹತ್ತಿ ಇಳಿಯಲೇಬೇಕು. ಇಳಿಯದಿದ್ದರೆ ಆ ಮನೆಯ ಹೆಣ್ಣುಮಗಳ ಬಗ್ಗೆ ಓಣಿಯವರು ಒಂದು ಅಭಿಪ್ರಾಯಕ್ಕೆ ಬಂದುಬಿಡುತ್ತಾರೆ.

ಹೋದ ವರ್ಷ ಈ ಮಹಾಕಾರ್ಯವನ್ನೆಲ್ಲ ನಡೆಸಿದವರು ಗುರಮ್ಮ ಕಾಕು. ಮಂಜರಿಯ ಗಂಡ ಪರಾಗನ ಕಾಕು, ಅಂದರೆ ಚಿಕ್ಕಮ್ಮ ಅವರು, ಊರು ಅಕ್ಕಲಕೋಟ. ಮಗ ವೇದಾಂತ ಹುಟ್ಟುವ ಹೊತ್ತಿಗೆ ಸರಿಯಾಗಿ ತವರೂರು ತಡವಳದಲ್ಲಿ ಮಂಜರಿಯ ತಾಯಿ ಕಾಲು ಮುರಿದುಕೊಂಡು ಮಲಗಿದ್ದರು. “ಬಾಣಂತನ ನಂದು” ಎಂದು ಒಂದೇ ಮಾತು ಹೇಳಿ ಕಾಕು ಚೀಲ ಹಿಡಿದು ಬಂದವರು, ನಲವತ್ತು ದಿನ ಕದಲಲಿಲ್ಲ. ಅವರ ಗಂಡ ಬಸವರಾಜ ಕಾಕಾ ದಿನ ಬಿಟ್ಟು ದಿನ ಎಸ್‌ಟಿ ಬಸ್ಸಿನಲ್ಲಿ ಬಾಣಂತಿಗೆಂದು ಅಂಟಿನ ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಮಂಜರಿಯ ಡೈರಿಯ ಆ ನಲವತ್ತು ಪುಟಗಳಲ್ಲಿ ಕಾಕುವಿನ ಹೆಸರಿಲ್ಲದ ಪುಟವೇ ಇಲ್ಲ. ಕೂಸಿಗೆ ಎಣ್ಣೆ ತಿಕ್ಕಿದ್ದು, ತನ್ನ ಬೆನ್ನಿಗೆ ಬಿಸಿನೀರು ಹೊಯ್ದದ್ದು, ಕಾಕು ಅಕ್ಕಲಕೋಟದಿಂದ ತಂದ ಬೆಳ್ಳುಳ್ಳಿ ಬುಟ್ಟಿ ಕೂಡ ಅದರಲ್ಲಿದೆ. ಅದೊಂದು ಕರೀ ಬುಟ್ಟಿ. ಅಂಚು ಅಲೆಅಲೆಯಾಗಿ ಹೂವಿನಂತೆ, ತಳದಲ್ಲಿ ಗಾಳಿಯಾಡಲು ಸಣ್ಣ ತೂತು.

“ಎಷ್ಟ ಚಂದ ಐತ್ರಿ ಕಾಕು! ಎಲ್ಲಿ ತಗೊಂಡ್ರಿ?”

“ವಿಲಾಯತಿ ಮಾಲ ವ್ವಾ ಅದು. ಈಗ ಸಿಗೂದಿಲ್ಲ” ಎಂದಿದ್ದರು ಕಾಕು, ಗಂಭೀರವಾಗಿ.

ಇಂಥವರಿಗೆ ತಿರುಗಿ ಏನು ಮಾಡಬಲ್ಲೆ ಎಂದು ವರ್ಷವಿಡೀ ಯೋಚಿಸುತ್ತಿದ್ದ ಮಂಜರಿಗೆ ಈ ಮೇ ತಿಂಗಳು ಅವಕಾಶ ತಾನಾಗಿಯೇ ಮನೆಗೆ ಬಂತು, ಒಂದು ತಗಡಿನ ಪೆಟ್ಟಿಗೆಯ ರೂಪದಲ್ಲಿ. ಅಕ್ಕಲಕೋಟದ ಮನೆಯ ಮಾಳಿಗೆ ಸೋರುತ್ತಿತ್ತು, ರಿಪೇರಿ ನಡೆದಿತ್ತು. ಹೀಗಾಗಿ ಕಾಕಾ ತಮ್ಮ ಪ್ರಾಣಕ್ಕಿಂತ ಹೆಚ್ಚಿನ ಹಳೆಯ ಇಂಗ್ಲಿಷ್ ರೆಕಾರ್ಡುಗಳ ಪೆಟ್ಟಿಗೆಯನ್ನೂ ಅವನ್ನು ನುಡಿಸುವ ಯಂತ್ರವನ್ನೂ ಪರಾಗನ ಸುಪರ್ದಿಗೆ ಕೊಟ್ಟಿದ್ದರು.

ಆ ಪೆಟ್ಟಿಗೆಯ ರಾಜನ ಹೆಸರು ‘ಕಡೆಯ ಪ್ಲಾಟ್‌ಫಾರ್ಮ್’. ಉದ್ದಗೂದಲಿನ ನಾಲ್ವರು ಐವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಗಿಟಾರು ಬಡಿದು ಮಾಡಿದ ಆಲ್ಬಮ್ಮು. ಎರಡು ರೆಕಾರ್ಡು, ನಾಲ್ಕು ಬಾಜು, ಹದಿನಾರು ಹಾಡು. ರಟ್ಟಿನ ಮೇಲೆ ಪೆಟ್ಟಿಗೆ ಹಿಡಿದು ನಿಂತ ಒಬ್ಬ ಮನುಷ್ಯ, ಮುಂದೆ ಖಾಲಿ ರೈಲ್ವೆ ಹಳಿ. ಇದು ಬಿಡಿ ಹಾಡುಗಳ ಗಂಟಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆ ಎಂಬುದು ಕಾಕಾನ ಸಿದ್ಧಾಂತ. ಪರಾಗ ಆ ಸಿದ್ಧಾಂತದ ಸೊಲ್ಲಾಪುರ ಶಾಖೆ.

“ನೋಡ ಮಂಜರಿ, ಮೊದಲನೇ ಬಾಜುನ್ಯಾಗ ಒಬ್ಬಾಂವ ಮನಿ ಬಿಟ್ಟ ಹೊಂಟಾನ. ಎರಡನೇದರಾಗ ದಾರಿ ತಪ್ಪ್ಯಾನ. ಮೂರನೇದರಾಗ ಸ್ಟೇಶನ್ನ ಹುಡುಕ್ತಾನ. ನಾಕನೇದರಾಗ ಹೊಳ್ಳಿ ಮನಿ! ಹೆಂಗೈತಿ?”

“ಹೊರಗ ಹ್ವಾದಾಂವ ಹೊಳ್ಳಿ ಮನಿಗೆ ಬರೂದು ಏನ ದೊಡ್ಡ ಕಥಿರಿ? ನೀವೂ ದಿನಾ ಆಫೀಸಿಂದ ಬರ್ತೀರಿ. ಬರೂಮುಂದ ಕೊತಂಬ್ರಿ ಮರತ ಬರ್ತೀರಿ. ನಿಮ್ಮ ಮ್ಯಾಲೂ ಒಂದ ರೆಕಾರ್ಡ ತಗಸೂಣೇನು?”

“ಹಂಗಲ್ಲ! ಎರಡನೇ ಬಾಜು ಯಾವ ರಾಗಕ್ಕ ಮುಗೀತೈತಿ, ಮೂರನೇದು ಅದನ್ನ ಹಿಡಕೊಂಡ ಏಳತೈತಿ. ಒಂದ ಮೈ, ಒಂದ ಜೀವಾ. ಇದನ್ನ ಕಿವಿ ಇದ್ದವ್ರು ಕೇಳಬೇಕ.”

“ನನ್ನ ಡೈರಿಗೂ ಒಂದ ದಾರ ಹಾಕಿ ಹೊಲದಾರ. ಒಂದ ಪುಟದಾಗ ವೇದಾಂತನ ಲಸಿಕಿ, ಇನ್ನೊಂದರಾಗ ಹಾಲಿನಾಕಿ ಬರಲಿಲ್ಲ, ಮತ್ತೊಂದರಾಗ ನಿಮ್ಮ ಜೋಡಿ ಜಗಳ. ರಟ್ಟ ಒಂದ ಐತಿ ಅಂತ ಅದು ಕಾದಂಬರಿ ಆಗತೈತೇನ್ರಿ?”

ಪರಾಗನಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಗಂಡಸರೆಲ್ಲ ಮಾಡುವಂತೆ ಅವನೂ ಮೊಬೈಲು ನೋಡತೊಡಗಿದ. ಮಂಜರಿ ಆ ದಿನದ ಪುಟದಲ್ಲಿ ‘ನಾನು ಗೆದ್ದೆ’ ಎಂದು ಬರೆದಳು.

ಆದರೆ ಈ ವಾದ ಅವರಿಬ್ಬರದಷ್ಟೇ ಆಗಿರಲಿಲ್ಲ. ಬೋರಾಮಣಿಯ ಶಾಂತಲಿಂಗಪ್ಪ, ನಿವೃತ್ತ ಭೂಗೋಳ ಮಾಸ್ತರರು, ಕಾಕಾನ ಬಾಲ್ಯದ ಗೆಳೆಯ, ಮಂಜರಿಯ ಪಕ್ಷದವರು. “ಕ್ಯಾಂಟೀನಿನ ಒಂದ ತಾಟಿನ್ಯಾಗ ಮಿರ್ಚಿನೂ ಇರತಾವ, ಜಿಲೇಬಿನೂ ಇರತಾವ. ಹಂಗಂತ ಅವು ಬೀಗರಾಗಂಗಿಲ್ಲ ಬಸ್ಯಾ” ಎಂದು ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಒಮ್ಮೆಯೂ ಪೂರ್ತಿ ಆಲ್ಬಮ್ಮು ಕೇಳಲು ಕೂತವರಲ್ಲ. ಬರುವ ಭಾನುವಾರ ಕಾಕಾಗೆ ಎಪ್ಪತ್ತು ತುಂಬುತ್ತಿತ್ತು. ಆ ದಿನ ಮಾತ್ರ ಬಂದು ನಾಲ್ಕೂ ಬಾಜು ಕೇಳುತ್ತೇನೆ ಎಂದು ಶಾಂತಲಿಂಗಪ್ಪ ಮಾತು ಕೊಟ್ಟಿದ್ದರು. ಯಂತ್ರ ಸೊಲ್ಲಾಪುರದಲ್ಲಿತ್ತಾದ್ದರಿಂದ ಕಾರ್ಯಕ್ರಮವೂ ಮಂಜರಿಯ ಮನೆಯಲ್ಲೇ ಎಂದಾಯಿತು.

ಕಾಕಾ ಫೋನಿನಲ್ಲಿ ಹೇಳಿದ್ದರು: “ಮಂಜರಿ, ನನಗ ಹೊಸಾ ಧೋತರ ಬ್ಯಾಡ, ಕೇಕ ಬ್ಯಾಡ. ಆ ಶಾಂತ್ಯಾನ ಬಾಯಿಲೆ ‘ಇದು ಒಂದ ಕಥಿ’ ಅಂತ ಒಂದ ಸಲ ಕೇಳಬೇಕು. ಅಷ್ಟಾದ್ರ ಎಪ್ಪತ್ತ ತುಂಬಿದ್ದು ಸಾರ್ಥಕ.”

ನಲವತ್ತು ದಿನ ಉಂಡಿ ಹೊತ್ತವರು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ವಾದ ಹಾಳಾಗಿ ಹೋಗಲಿ, ಕಾಕಾನ ಭಾನುವಾರಕ್ಕೆ ಒಂದು ಕೂದಲಿನಷ್ಟೂ ಕುಂದು ಬರಬಾರದು ಎಂದು ಮಂಜರಿ ನಿಶ್ಚಯಿಸಿದಳು. ಆ ನಿಶ್ಚಯವೇ ಮುಳುವಾಯಿತು!

ಗುರುವಾರ ಬೆಳಿಗ್ಗೆ ಪೆಟ್ಟಿಗೆ ತೆರೆದಳು. ಗಪ್ಪನೆ ಮುಗ್ಗಲು ವಾಸನೆ! ಅಕ್ಕಲಕೋಟದ ಸೋರುವ ಮಾಳಿಗೆ ತನ್ನ ಗುರುತನ್ನು ಕಳಿಸಿತ್ತು. ರೆಕಾರ್ಡುಗಳ ಮೇಲೆ ಬೂದಿಯಂಥ ಬುರುಸು. ಮುಗ್ಗಿದ್ದಕ್ಕೆ ಮದ್ದೇನು? ಸೊಲ್ಲಾಪುರದ ಯಾವ ಹೆಣ್ಣುಮಗಳನ್ನು ಕೇಳಿದರೂ ಒಂದೇ ಉತ್ತರ. ಮಂಜರಿ ಎರಡೂ ರೆಕಾರ್ಡುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಮೊದಲನೆಯದರ ನಡುವೆ ಅಚ್ಚುಹಾಕಿದ ಚಂದದ ಲೇಬಲ್ಲಿತ್ತು; ಎರಡನೆಯದರ ಮೇಲೆ ಬರೀ ಬಿಳಿ ಕಾಗದ ಅಂಟಿಸಿ ಕಾಕಾನ ಕೈಯಲ್ಲಿ ‘೨’ ಎಂದು ಬರೆದಿತ್ತು. ಲೇಬಲ್ಲು ಕಿತ್ತುಹೋಗಿರಬೇಕು, ಪಾಪ ಎಂದುಕೊಂಡು, ಮಾಳಿಗೆಯ ಮೇಲೆ ಒಣಗುತ್ತಿದ್ದ ಕೆಂಪು ಮೆಣಸಿನಕಾಯಿಯ ಪಕ್ಕ ಒಂದು ಹಳೆಯ ಸೀರೆಯ ಮೇಲೆ ಎರಡನ್ನೂ ಹಾಸಿದಳು.

‘ಬರೀ ಹತ್ತು ನಿಮಿಷ’ ಎಂದುಕೊಂಡಳು.

ಅಷ್ಟರಲ್ಲಿ ಕೆಳಗೆ ವೇದಾಂತ ಅತ್ತ. ಹಾಲು ಕುಡಿಸುತ್ತ ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ವರ್ಷದ ಕೂಸಿನ ತಾಯಂದಿರ ಒಂದು ಕ್ಷಣ ಎಂದರೆ ಎರಡು ತಾಸು ಎಂಬುದನ್ನು ತಿಳಿದವರು ಬಲ್ಲರು!

ಎದ್ದು ಮಾಳಿಗೆಗೆ ಓಡಿದಾಗ ಮೆಣಸಿನಕಾಯಿ ಬಹಳ ಚೆನ್ನಾಗಿ ಒಣಗಿತ್ತು. ಮೊದಲನೇ ರೆಕಾರ್ಡು ಹಗ್ಗಕ್ಕೆ ಒಣಹಾಕಿದ್ದ ಕೌದಿಯ ನೆರಳಿಗೆ ಬಂದು ಬಚಾವಾಗಿತ್ತು. ಎರಡನೆಯದು ಮಾತ್ರ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಮೈಮುರಿದು ಎದ್ದು ನಿಂತಿತ್ತು!

“ಯವ್ವಾ!” ಎಂಬುದಷ್ಟೇ ಅವಳ ಬಾಯಿಂದ ಹೊರಟಿತು.

ಇಲ್ಲಿಗೇ ಬಿಟ್ಟಿದ್ದರೆ ಅದು ಬರೀ ಅಪಘಾತವಾಗುತ್ತಿತ್ತು. ಮಂಜರಿ ಅದನ್ನು ರಿಪೇರಿ ಮಾಡಹೋದದ್ದರಿಂದ ಅನಾಹುತವಾಯಿತು. ಮೊದಲು ಬೀಸುಕಲ್ಲಿನ ಕೆಳಗಿಟ್ಟಳು. ಒಂದು ತಾಸಾದ ಮೇಲೆ ತೆಗೆದು ಯಂತ್ರದ ಮೇಲೆ ಇಟ್ಟರೆ ಮುಳ್ಳು ಆಡಿನ ಮರಿಯಂತೆ ಜಿಗಿಜಿಗಿದು ಕೆಳಗೆ ಹಾರಿತು. ಬಟ್ಟೆಯ ನಿರಿಗೆ ತೆಗೆಯುವ ಇಸ್ತ್ರಿ ರೆಕಾರ್ಡಿನ ನಿರಿಗೆ ತೆಗೆಯಲಾರದೇ? ಒದ್ದೆ ಟಾವೆಲ್ಲು ಮುಚ್ಚಿ ಇಸ್ತ್ರಿ ಒತ್ತಿದಳು. ರೆಕಾರ್ಡು ಸಂತೋಷದಿಂದ ಮೆತ್ತಗಾಯಿತು. ಮೇಲೆ ಇಸ್ತ್ರಿಯ ಮೂತಿಯ ಗುರುತೂ ಮೂಡಿತು. ಅದೇ ಹೊತ್ತಿಗೆ ವೇದಾಂತ ಇಸ್ತ್ರಿಯ ವೈರಿಗೆ ಕೈ ಹಾಕಿದ. ಅವಳು ಗಾಬರಿಯಿಂದ ಕೈಯಲ್ಲಿದ್ದ ರೆಕಾರ್ಡನ್ನು ಪಕ್ಕದ ಬೋಗುಣಿಯ ಮೇಲೆ ಎಸೆದು ಮಗನನ್ನು ಎತ್ತಿಕೊಂಡಳು. ತಿರುಗಿ ನೋಡುವಷ್ಟರಲ್ಲಿ ರೆಕಾರ್ಡು ಬೋಗುಣಿಯೊಳಗೆ ಇಳಿದು, ಅದರ ಆಕಾರವನ್ನೇ ಪಡೆದು, ತಣ್ಣಗೆ ಗಟ್ಟಿಯಾಗಿ ಕೂತಿತ್ತು.

ಕಾಕಾನ ಎಪ್ಪತ್ತು ವರ್ಷದ ಸಾರ್ಥಕ್ಯ ಈಗ ಎರಡು ಸೇರು ಹಿಡಿಯುವ ಪಾತ್ರೆಯಾಗಿತ್ತು!

ಮಂಜರಿ ಅತ್ತಳು. ಅವಳನ್ನು ನೋಡಿ ವೇದಾಂತನೂ ಅತ್ತ. ಪರಾಗನಿಗೆ ಹೇಳಿದರೆ ಅವನು ಅರ್ಧ ತಾಸಿನಲ್ಲಿ ಅಕ್ಕಲಕೋಟಕ್ಕೆ ಫೋನು ಮಾಡುತ್ತಾನೆ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೊಸದು ತರಿಸೋಣವೆಂದರೆ ಅಂಥದ್ದು ಈಗ ಎಲ್ಲಿ ಸಿಗುತ್ತದೋ ದೇವರೇ ಬಲ್ಲ. ಕೊನೆಗೆ ಪೆಟ್ಟಿಗೆಯ ತಳದಲ್ಲಿ ಕವರಿಲ್ಲದ ಒಂದು ಅನಾಥ ರೆಕಾರ್ಡು ಸಿಕ್ಕಿತು. ಅಷ್ಟೇ ಅಗಲ, ಅಷ್ಟೇ ಕಪ್ಪು, ಲೇಬಲ್ಲು ಅಳಿಸಿಹೋಗಿತ್ತು. ಹೇಗೂ ಇವೆಲ್ಲ ಬಿಡಿ ಹಾಡುಗಳೇ, ಒಂದಕ್ಕೊಂದು ಸಂಬಂಧವಿಲ್ಲ ಎಂದು ವಾದಿಸಿದವಳು ತಾನೇ ಅಲ್ಲವೇ? ವಾದವನ್ನು ಪ್ರಯೋಗಕ್ಕೆ ಒಡ್ಡುವ ಗಳಿಗೆ ಬಂದಿತ್ತು. ಬಿಳಿ ಕಾಗದವನ್ನು ಗುಂಡಗೆ ಕತ್ತರಿಸಿ, ಮೈದಾ ಅಂಟು ಹಚ್ಚಿ, ಕಾಕಾನ ಅಕ್ಷರವನ್ನು ನೋಡಿ ನೋಡಿ ‘೨’ ಎಂದು ಬರೆದಳು. ಬೋಗುಣಿ ರೂಪದ ನತದೃಷ್ಟನನ್ನು ಮೆಣಸಿನಕಾಯಿಯ ಡಬ್ಬಿಯಲ್ಲಿ ಹುಗಿದಳು. ಹೊಸದನ್ನು ನುಡಿಸಿ ನೋಡುವ ಧೈರ್ಯವಾಗಲಿಲ್ಲ. ಆ ದಿನದ ಡೈರಿಯಲ್ಲಿ ಒಂದೇ ಸಾಲು: ‘ಮೆಣಸಿನಕಾಯಿ ಒಣಗಿದವು.’

ಭಾನುವಾರ ಹನ್ನೊಂದಕ್ಕೆ ಎಲ್ಲರೂ ಬಂದರು. ಕಾಕು ಬಂದವರೇ ವೇದಾಂತನನ್ನು ಎತ್ತಿ “ನನ ಬಂಗಾರಾ, ಅವ್ವಗ ಭಾಳ ಕಾಡ್ತಿಯೇನ?” ಎಂದರು. ಮಂಜರಿ ಅವರ ಕಣ್ಣು ತಪ್ಪಿಸಿದಳು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಆ ಇಸ್ತ್ರಿ ಕಂಡೇ ಮಂಜರಿ ಎರಡು ಹೆಜ್ಜೆ ಹಿಂದೆ ಸರಿದಳು. ಶಾಂತಲಿಂಗಪ್ಪ ಕುರ್ಚಿಯಲ್ಲಿ ಕೂತು, ಕೈ ಕಟ್ಟಿ, ಗಲ್ಲು ಶಿಕ್ಷೆ ಬರೆಯಲು ಕೂತ ಜಡ್ಜಿನ ಮುಖ ಮಾಡಿದರು.

ಮೊದಲನೇ ರೆಕಾರ್ಡು ನಡೆಯಿತು. ಗಿಟಾರು ಅತ್ತಿತು, ಡೋಲು ಗುಡುಗಿತು. ಕಾಕಾ ಕಣ್ಣು ಮುಚ್ಚಿ, “ಈಗ ಮನಿ ಬಿಟ್ಟ... ಈಗ ದಾರಿ ತಪ್ಪಿತು...” ಎಂದು ಪಿಸುಗುಡುತ್ತಿದ್ದರು.

“ಬಡ್ಯಾಕತ್ತಾರ ಅಷ್ಟ. ದಾರಿ ಎಲ್ಲಿ ಬಂತೋ ಮಾರಾಯಾ?” ಎಂದರು ಶಾಂತಲಿಂಗಪ್ಪ.

“ತಡಿಯೋ. ಖರೇ ಕಥಿ ಎರಡನೇ ರೆಕಾರ್ಡಿನ್ಯಾಗ ಐತಿ.”

ಪರಾಗ ಭಕ್ತಿಯಿಂದ ಎರಡನೇ ರೆಕಾರ್ಡು ಇಟ್ಟ. ಮುಳ್ಳು ಇಳಿಯಿತು. ಮಂಜರಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕರಕರ ಸದ್ದು. ಹಾಡಿಲ್ಲ. ಗಿಟಾರಿಲ್ಲ. ಒಬ್ಬ ಗಂಡಸು ಬಹಳ ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದವನ್ನು ಬಿಡಿಸಿ ಕೇಳಿದ: “ಕ್ಷಮಿಸಿ. ರೈಲ್ವೆ ಸ್ಟೇಶನ್ನಿಗೆ ಹೋಗುವ ದಾರಿ ಯಾವುದು?”

ಆಮೇಲೆ ಮೌನ. ಮತ್ತೆ ಅದೇ ದನಿ: “ನನಗೆ ಒಂದು ಟಿಕೆಟ್ಟು ಬೇಕು.” ಮತ್ತೆ ಮೌನ.

ಮಂಜರಿಗೆ ತಟ್ಟನೆ ಹೊಳೆಯಿತು. ಹಳೆಯ ಕಾಲದಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದ ಪಾಠದ ರೆಕಾರ್ಡು! ಆ ಮೌನ, ಕಲಿಯುವವರು ತಿರುಗಿ ಹೇಳಲೆಂದು ಬಿಟ್ಟ ಜಾಗ! ಪರಾಗ ಕಣ್ಣು ಅಗಲಿಸಿ, “ಅಯ್ಯ, ಇದೇನ...” ಎಂದು ಬಾಯಿ ತೆಗೆದ.

ಕಾಕಾ ಫಕ್ಕನೆ ಕೈ ಎತ್ತಿದರು. “ಪರಾಗ, ಸುಮ್ನ ಕೂಡು. ಇಲ್ಲಿ ಮಾತಾಡಬಾರದು.” ಆಮೇಲೆ ಗೆಳೆಯನ ಕಡೆ ಬಾಗಿ ಪಿಸುಗುಟ್ಟಿದರು: “ಕೇಳಿದೇನೋ ಶಾಂತ್ಯಾ? ದಾರಿ ಕೇಳಾಕತ್ತಾನ. ಉತ್ತರಾ ಕೊಡಾವ್ರ ಯಾರೂ ಇಲ್ಲ!”

ಶಾಂತಲಿಂಗಪ್ಪ ಕಟ್ಟಿದ ಕೈ ಬಿಟ್ಟರು. ಯಂತ್ರದವನು ಮುಂದುವರಿಸಿದ: “ನಾನು ಈ ಊರಿಗೆ ಹೊಸಬ. ನನ್ನ ಕೊಡೆ ಕಳೆದಿದೆ.” ಮೌನ.

“ಪಾಪ, ಕೊಡಿನೂ ಹೋತು” ಎಂದರು ಶಾಂತಲಿಂಗಪ್ಪ, ಮೆಲ್ಲಗೆ.

ಮಂಜರಿ ಒಳಗೆ ಸರಿದಳು. ಅಡುಗೆಮನೆಯ ನೆಲದ ಮೇಲೆ ಕೂತಳು. ಹಿಂದೆಯೇ ಗುರಮ್ಮ ಕಾಕು ಬಂದರು. ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೆಂದು ತಿಳಿದು ಮಂಜರಿ ಅವರ ಕಾಲು ಹಿಡಿದಳು.

“ತಪ್ಪಾತ್ರಿ ಕಾಕು! ಖರೇ ರೆಕಾರ್ಡ ನಾನ ಹಾಳ ಮಾಡೀನಿ. ಮುಗ್ಗಿತ್ತಂತ ಬಿಸಿಲಿಗೆ ಹಾಕಿದ್ದೆ. ನೀವು ನನಗ ಎಷ್ಟ ಮಾಡೀರಿ, ನಾ ಕಾಕಾರದು ಒಂದ ದಿನಾ ಉಳಸಾಕ ಆಗಲಿಲ್ಲ!”

“ಬಿಸಿಲಿಗೆ ಹಾಕಿದ್ದೆ?” ಕಾಕು ಸೆರಗು ತೆಗೆದರು. ಅವರು ಅಳುತ್ತಿರಲಿಲ್ಲ, ನಗುತ್ತಿದ್ದರು. “ಮೆಣಸಿನಕಾಯಿ ಜೋಡಿ?”

“ಹೂಂರಿ... ನಿಮಗ ಹೆಂಗ ಗೊತ್ತಾತು?”

“ತೋರಸು ಎಲ್ಲೈತಿ.”

ಮಂಜರಿ ಡಬ್ಬಿ ತೆರೆದು ಆ ಕರೀ ಪಾತ್ರೆಯನ್ನು ಹೊರತೆಗೆದಳು. ಕಾಕು ಅದನ್ನು ಬೆಳಕಿಗೆ ಹಿಡಿದು, ಅಲೆಅಲೆಯಾದ ಅಂಚನ್ನೂ ತಳದ ತೂತನ್ನೂ ಪಾತ್ರೆ ಕೊಳ್ಳುವವರಂತೆ ಪರೀಕ್ಷಿಸಿದರು. ಆ ಕ್ಷಣದಲ್ಲಿ ಮಂಜರಿಯ ಕಣ್ಣಮುಂದೆ ಬಾಣಂತನದ ಅಡುಗೆಮನೆ ಬಂದು ನಿಂತಿತು. ಬೆಳ್ಳುಳ್ಳಿ. ಗಾಳಿಯಾಡಲು ತೂತು. ವಿಲಾಯತಿ ಮಾಲು!

“ಕಾಕು! ಆ ಬುಟ್ಟಿ...”

“ಅದ ವ್ವಾ ಖರೇ ಎರಡನೇ ತಬಕಡಿ, ಖರೇ ರೆಕಾರ್ಡ. ಮದುವಿಯಾದ ಮರುವರ್ಷ ನಾನೂ ಮೆಣಸಿನಕಾಯಿ ಜೋಡಿ ಹಾಕಿದ್ದೆ. ಮೂರ ದಿನಾ ಅತ್ತೆ, ಊಟ ಬಿಟ್ಟೆ. ನಿಮ್ಮ ಕಾಕಾ ಒಂದ ಮಾತ ಅನ್ನಲಿಲ್ಲ. ಬ್ಯಾರೇ ಯಾವದೋ ಬ್ಯಾಂಡಿನವರ ತಬಕಡಿ ತಂದ, ಬಿಳಿ ಕಾಗದಾ ಹಚ್ಚಿ, ಅದರಾಗ ಇಟ್ರು. ‘ಏನೂ ಕೆಟ್ಟಿಲ್ಲ ಗುರಮ್ಮಾ, ಕೇಳು, ಎಲ್ಲಾ ಒಂದ ಕಥಿ ಐತಿ’ ಅಂತ ಕುಂಡ್ರಿಸಿ ಹೇಳಿದ್ರು. ಮನಿ ಬಿಟ್ಟ ಹೋದದ್ದು, ಹೊಳ್ಳಿ ಬಂದದ್ದು, ಎಲ್ಲಾ ಅವತ್ತ ಹುಟ್ಟಿದ್ದು. ನಾ ಉಂಡೆ. ಆಮ್ಯಾಲ ಅವರಿಗೆ ಆ ಕಥಿ ಬಿಡಾಕ ಮನಸಾಗಲಿಲ್ಲ.”

ಮಂಜರಿ ನೆಲ ನೋಡಿದಳು. ಕಣ್ಣು ತುಂಬಿತ್ತು, ತುಟಿಗೆ ನಗು ಬರುತ್ತಿತ್ತು. ಎರಡನೇ ಬಾಜಿನ ರಾಗವನ್ನೇ ಹಿಡಿದು ಮೂರನೆಯದು ಏಳುತ್ತದೆ ಎಂದು ಕಿವಿಯ ಬಗ್ಗೆ ಭಾಷಣ ಬಿಗಿದ ಪರಾಗನ ನೆನಪಾಗಿ ನಗು ಗೆದ್ದಿತು.

ಹೊರಗೆ ನಾಲ್ಕನೇ ಬಾಜು ಮುಗಿಯುತ್ತ ಬಂದಿತ್ತು. ಇಬ್ಬರೂ ಬಾಗಿಲಿಗೆ ಬಂದು ನಿಂತರು. ಯಂತ್ರದೊಳಗಿನವನು ಹೇಳಿದ: “ಶುಭ ಸಂಜೆ. ನಾನು ಮನೆಗೆ ಬಂದಿದ್ದೇನೆ.” ಮೌನ. ಆಮೇಲೆ, ಇಡೀ ರೆಕಾರ್ಡಿನಲ್ಲಿ ಮೊದಲ ಬಾರಿಗೆ, ಒಬ್ಬ ಹೆಂಗಸಿನ ದನಿ: “ಬನ್ನಿ. ಊಟ ತಯಾರಾಗಿದೆ.” ಕರಕರ ಸದ್ದು. ಮುಳ್ಳು ಎದ್ದಿತು.

ಶಾಂತಲಿಂಗಪ್ಪ ಚಸ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಒರೆಸಿದ್ದು ಚಸ್ಮಾವನ್ನಲ್ಲ, ಕಣ್ಣನ್ನು.

“ಸೋತೆ ಬಸ್ಯಾ. ಇದು ಒಂದ ಕಥಿ. ಏಕದಮ್ ಒಂದ ಕಥಿ!” ಎಂದರು. ಸ್ವಲ್ಪ ತಡೆದು, “ಮತ್ತ ಈ ಬ್ಯಾಂಡಿನವರ ಉಚ್ಚಾರ ಎಷ್ಟ ಸ್ಪಷ್ಟ ಐತೋ! ಇಷ್ಟ ದಿನಾ ಸುಮ್ಮನ ಬೈದೆ” ಎಂದರು.

ಕಾಕಾ ಎದ್ದು ಗೆಳೆಯನನ್ನು ಅಪ್ಪಿಕೊಂಡರು. ಪರಾಗ ಒಮ್ಮೆ ಯಂತ್ರವನ್ನು, ಒಮ್ಮೆ ಹೆಂಡತಿಯನ್ನು, ಒಮ್ಮೆ ಛಾವಣಿಯನ್ನು ನೋಡಿದ. ಎಲ್ಲಿಯೂ ಉತ್ತರವಿರಲಿಲ್ಲ, ಮೊಬೈಲು ತೆಗೆದ.

ಊಟವಾಯಿತು. ಶೇಂಗಾ ಹೋಳಿಗೆ ಐದಾದ ಮೇಲೆ ಶಾಂತಲಿಂಗಪ್ಪ ಎಣಿಸುವುದನ್ನು ಬಿಟ್ಟರು. ನಾಲ್ಕು ಗಂಟೆಗೆ ಕಾಕಾ-ಕಾಕು ಅಕ್ಕಲಕೋಟದ ಬಸ್ಸಿಗೆ ಹೊರಟರು. ಪರಾಗ ರಿಕ್ಷಾ ಕರೆಯಲು ಹೋದಾಗ ಮಂಜರಿ ಕಾಕಾನ ಕಾಲಿಗೆ ನಮಸ್ಕರಿಸಿ, ಅಲ್ಲಿಂದಲೇ, ತಲೆ ಎತ್ತದೆ ಶುರುಮಾಡಿದಳು.

“ಕಾಕಾ, ಒಂದ ಮಾತ ಹೇಳಬೇಕಾಗಿತ್ರಿ. ಆ ಎರಡನೇ ರೆಕಾರ್ಡ...”

“ನನ್ನ ಪಾಠದ ರೆಕಾರ್ಡ ನನಗ ಗೊತ್ತಾಗೂದಿಲ್ಲೇನ ತಂಗಿ? ಕ್ಲಾರ್ಕ ನೌಕರಿಗೆ ಸೇರಿದಾಗ ಅದರ ಮುಂದ ಕುಂತ ಆರ ತಿಂಗಳ ಟಿಕೆಟ್ ಕೇಳೀನಿ” ಎಂದರು ಕಾಕಾ. “ಕೊಡಿ ಕಳದದ್ದು ಕಥಿಯೊಳಗ ಹೆಂಗ ಕುಂಡ್ರಸಲಿ ಅಂತ ಮಾತ್ರ ಒಂದ ನಿಮಿಷ ಕಾಳಜಿ ಆಗಿತ್ತು. ಶಾಂತ್ಯಾನ ಸಂಭಾಳಸಿದ.”

ಮಂಜರಿ ಬಗ್ಗಿ ಮತ್ತೊಮ್ಮೆ ಅವರ ಕಾಲು ಮುಟ್ಟಿದಳು.

ಕಾಕುವಿನ ಚೀಲದಿಂದ ಕರೀ ಪಾತ್ರೆಯ ಅಂಚು ಇಣುಕುತ್ತಿತ್ತು. ಕಾಕಾ ಅದನ್ನು ಹೊರತೆಗೆದು, ತಿರುಗಿಸಿ, ಇಸ್ತ್ರಿಯ ಮೂತಿಯ ಗುರುತಿನ ಮೇಲೆ ಬೆರಳಾಡಿಸಿದರು. ರಿಕ್ಷಾ ಬಂದು ನಿಂತಿತು. ಹತ್ತಿ ಕೂತ ಮೇಲೆ ತಲೆ ಹೊರಗೆ ಹಾಕಿ ಕರೆದರು:

“ಮಂಜರೀ! ಪೆಟ್ಟಿಗ್ಯಾಗ ಇನ್ನೂ ಹದಿನೇಳ ಅದಾವ. ನಿಮ್ಮ ಕಾಕುಗ ಉಳ್ಳಾಗಡ್ಡಿಗೂ ಒಂದ ಬುಟ್ಟಿ ಬೇಕಂತ. ಆದ್ರ ಇಸ್ತ್ರಿ ಮಾಡಬ್ಯಾಡವ್ವಾ, ಗುರುತ ಬೀಳತೈತಿ. ನಿಮ್ಮ ಕಾಕುನ ಕೇಳು... ಬಿಸಿಲೊಂದ ಸಾಕು!”